ಚಿಕ್ಕ ಕಡಲ ಮ್ಯೂಸಿಯಂ ಮಕ್ಕಳಿಗೆ ಬೋರ್ ಆಗುತ್ತಾ?

ಹಡಗು, ಹಡಗಿನ ಸಾಮಾನು ತೋರಿಸುವ ಚಿಕ್ಕ ಮ್ಯೂಸಿಯಂ 5 ವರ್ಷದ ಮಗಳು, 9 ವರ್ಷದ ಮಗ ಇಬ್ಬರಿಗೂ ಹಿಡಿಸುತ್ತಾ ಅಂತ ಕೇಳಿದ್ದೀರಿ. ಮುಟ್ಟಲು ಬಿಡುವ ಮ್ಯೂಸಿಯಂ ಆದರೆ ಖಂಡಿತ ಹೋಗಿ. ಚಿಕ್ಕದಾಗಿರುವುದೇ ಒಳ್ಳೆಯದು, ಕಾಲು ನೋವು ಅನ್ನುವ ಮುಂಚೆ ಮುಗಿದಿರುತ್ತದೆ.

ರಾಟೆಗಳಿದ್ದರೆ ಮೊದಲು ಅಲ್ಲಿಗೆ ಹೋಗಿ. ಒಂದೇ ರಾಟೆಯಲ್ಲಿ ಮೂಟೆ ಎತ್ತಲು ಮಗನೇ ಏದುಸಿರು ಬಿಡುತ್ತಾನೆ. ಹಗ್ಗ ಹಲವು ರಾಟೆಗಳನ್ನು ಸುತ್ತಿ ಬಂದು, ಅದೇ ಮೂಟೆಯನ್ನು ಹಗ್ಗದ ನಾಲ್ಕು ಸಾಲು ಹೊತ್ತಿದ್ದರೆ ಹೆಚ್ಚುಕಮ್ಮಿ ಕಾಲು ಭಾಗ ಬಲ ಸಾಕು, ಮಗಳೂ ಎತ್ತಬಹುದು. ಆದರೆ 1 ಮೀಟರ್ ಎತ್ತಲು 4 ಮೀಟರ್ ಹಗ್ಗ ಎಳೆಯಬೇಕು. ಇದನ್ನು ನೀವಾಗಿ ಹೇಳಬೇಡಿ. ಕಾಲ ಬಳಿ ಬೀಳುವ ಹಗ್ಗದ ರಾಶಿ ನೋಡಿ ಅವರೇ ಕೇಳಲಿ.

ಗಂಟು ಹಾಕುವ ಮೇಜಿನಲ್ಲಿ ಮಗನಿಗೆ ಒಂದು ವಿಷಯ ಹೇಳಿ. ಹಿಂದೆ ಹಡಗಿನ ವೇಗ ಅಳೆಯುತ್ತಿದ್ದುದೂ ಗಂಟಿನಿಂದಲೇ. ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು, ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವು ಅಂತ ಎಣಿಸುತ್ತಿದ್ದರು. ಈಗಲೂ ಹಡಗಿನ ವೇಗಕ್ಕೆ ನಾಟ್ (ಗಂಟು ಅನ್ನುವುದಕ್ಕೆ ಇಂಗ್ಲಿಷ್ ಪದ) ಲೆಕ್ಕವೇ, 1 ನಾಟ್ ಅಂದರೆ ಗಂಟೆಗೆ 1.852 ಕಿ.ಮೀ.

ಗಾಜಿನ ಪೆಟ್ಟಿಗೆಯ ಮಾದರಿ ಹಡಗುಗಳ ಮುಂದೆ ಸುಮ್ನೆ ನಿಲ್ಲಿಸಬೇಡಿ, ನಮಗೆ ಇಷ್ಟವಾದಷ್ಟು ಅವರಿಗೆ ಆಗಲ್ಲ. ಮ್ಯೂಸಿಯಂ ಬಾಗಿಲು ತೆಗೆದ ಕೂಡಲೇ ಹೋಗಿ. ಚುಕ್ಕಾಣಿ ಚಕ್ರ ಸಾಮಾನ್ಯವಾಗಿ ಒಂದೇ ಇರುತ್ತದೆ, ಜಗಳ ಅಲ್ಲೇ ಜಾಸ್ತಿ.