ರೀಲ್ಸ್‌ನಲ್ಲಿ ಕಂಡ ಶೂ ಕೊಳ್ಳುವ ಮುನ್ನ

ಪ್ರಶ್ನೆ: ಬಿ.ಕಾಂ. ಓದುವ ಮಗ ಇನ್‌ಸ್ಟಾಗ್ರಾಂನಲ್ಲಿ ಒಂದು ಸ್ನೀಕರ್ ನೋಡಿದ. ಅಲ್ಲಿಂದಾಚೆ ಫೋನ್ ತೆರೆದರೆ ಅದೇ ಶೂ. ಕೊನೆಗೆ 1,799 ರೂಪಾಯಿ ಕೊಟ್ಟು ತರಿಸಿಕೊಂಡ. ತಿಂಗಳೊಳಗೆ ಸೋಲ್ ಬಾಯಿ ಬಿಟ್ಟಿದೆ. ಹೀಗೇಕೆ ಬೆನ್ನು ಹತ್ತುತ್ತವೆ? ಕೊಳ್ಳುವ ಮೊದಲು ಏನು ನೋಡಬೇಕು?
– ಓದುಗರು, ದಾವಣಗೆರೆ

ಉತ್ತರ: ಅಂಗಡಿಯ ವೆಬ್‌ಸೈಟಿನಲ್ಲಿ ಪಿಕ್ಸೆಲ್ ಎಂಬ ಸಣ್ಣ ಕೋಡ್ ಇರುತ್ತದೆ. ಯಾವ ಶೂ ನೋಡಿದಿರಿ, ಕೊಳ್ಳದೆ ಎಲ್ಲಿ ನಿಲ್ಲಿಸಿದಿರಿ ಎಂಬುದನ್ನು ಅದು ಇನ್‌ಸ್ಟಾಗ್ರಾಂನ ಒಡೆಯ ಕಂಪನಿ ಮೆಟಾಗೆ ಮುಟ್ಟಿಸುತ್ತದೆ. ಹಾಗೆ ಬಿಟ್ಟುಹೋದವರಿಗೆ ಅದೇ ಜೋಡಿಯನ್ನು ಮತ್ತೆ ತೋರಿಸಲು ಮಾರುವವರು ದುಡ್ಡು ಕಟ್ಟುತ್ತಾರೆ. ಪದೇ ಪದೇ ಕಂಡದ್ದನ್ನು ಊರಿನವರೆಲ್ಲ ಹಾಕುತ್ತಿದ್ದಾರೆ ಅನ್ನಿಸತೊಡಗುತ್ತದೆ. ಜಾಹೀರಾತಿನ ಮೂಲೆಯ ಮೂರು ಚುಕ್ಕೆ ಒತ್ತಿ ಅದನ್ನು ಮರೆಮಾಡಿದರೆ ಕಾಟ ತಗ್ಗುತ್ತದೆ.

‘ಎರಡೇ ಜೋಡಿ ಉಳಿದಿವೆ’ ಎಂಬ ಸುಳ್ಳು ಅವಸರವನ್ನು ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ವೆಬ್ ತಂತ್ರ) ಕುರಿತ ಕೇಂದ್ರದ 2023ರ ಮಾರ್ಗಸೂಚಿ ನಿಷೇಧಿಸಿದೆ. ಪುಟವನ್ನು ಇನ್ನೊಂದು ಫೋನಿನಲ್ಲಿ ತೆರೆಯಿರಿ. ಆಫರ್ ಮುಗಿಯಲು ಇಷ್ಟೇ ಹೊತ್ತು ಎಂದು ತೋರಿಸುವ ಟೈಮರ್ ಅಲ್ಲಿ ಮೊದಲಿನಿಂದ ಶುರುವಾದರೆ ಅದು ನಾಟಕ. ರೀಲ್ಸ್ ಮಾಡಿದವರಿಗೆ ಶೂ ಬಿಟ್ಟಿ ಸಿಕ್ಕಿದ್ದರೂ ಅದು ಜಾಹೀರಾತು ಎಂದು ಅವರು ಹೇಳಲೇಬೇಕು.

ಇನ್ನು ಸೋಲ್. ರೀಲ್ಸ್‌ನಲ್ಲಿ ಶೂನ ಮೇಲ್ಭಾಗವೇ ಮಿಂಚುತ್ತದೆ, ಸೋಲ್ ಕೂಡುವ ಜಾಗ ಕಾಣುವುದು ಅಪರೂಪ. ಗುಣ ತಿಳಿಯುವುದು ಅಲ್ಲೇ. ಗಮ್ ಹಚ್ಚುವ ಮೊದಲು ಮೇಲ್ಭಾಗದ ಅಂಚನ್ನು ಉಜ್ಜಿ ಒರಟು ಮಾಡಬೇಕು. ಈ ಕೆಲಸ ತಪ್ಪಿಸಿದರೆ ಗಮ್ ಹೊಳಪಿನ ಲೇಪಕ್ಕಷ್ಟೇ ಅಂಟುತ್ತದೆ. ನಡೆಯುವಾಗ ಬೆರಳ ಬುಡದಲ್ಲಿ ಶೂ ಬಾಗಿ ಬಾಗಿ ಲೇಪದ ಸಮೇತ ಕಿತ್ತು ಬರುತ್ತದೆ. ನಿಮ್ಮ ಮಗನ ಶೂಗೂ ಬಹುಶಃ ಆಗಿದ್ದು ಇದೇ. ಆ ಜಾಗದ ಹತ್ತಿರದ ಫೋಟೊ ಕೇಳಿ. ಸೋಲ್ ಸುತ್ತ ಹೊಲಿಗೆ ಇದ್ದರೆ ಒಳ್ಳೆಯದು, ಆದರೆ ಕೆಲವು ಸೋಲ್‌ಗಳಲ್ಲಿ ಹೊಲಿಗೆಯಂತೆ ಬರೀ ಅಚ್ಚು ಹಾಕಿರುತ್ತಾರೆ.

ಅಳತೆ ಸಂಜೆ ತೆಗೆಯಿರಿ, ಅಷ್ಟರಲ್ಲಿ ಪಾದ ತುಸು ಊದಿರುತ್ತದೆ. ಹಿಮ್ಮಡಿ ಗೋಡೆಗೆ ತಾಗಿಸಿ, ಎರಡೂ ಪಾದ ಅಳೆದು ಉದ್ದದ್ದನ್ನು ಹಿಡಿಯಿರಿ. ಯುಕೆ ಅಳತೆಯಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಸುಮಾರು 8.5 ಮಿ.ಮೀ. ವ್ಯತ್ಯಾಸ, ಆದ್ದರಿಂದ ಅಂದಾಜು ನಡೆಯದು.

ಬೆಲೆಗೆ ಡಿಎಂ ಮಾಡಿ ಎನ್ನುವ, ‘ಫಸ್ಟ್ ಕಾಪಿ’ (ಬ್ರ್ಯಾಂಡ್‌ನ ನಕಲು) ಮಾರುವ, ವಿಳಾಸ ಕೊಡದ ಪುಟಗಳಿಗೆ ಮುಂಗಡ ಕಳಿಸಬೇಡಿ. ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ಈಗ ಬಿಲ್, ಫೋಟೊ ಸಮೇತ ಮಾರಿದವರಿಗೆ ಬರೆಯಿರಿ. ಕಿವಿಗೊಡದಿದ್ದರೆ ಗ್ರಾಹಕ ಸಹಾಯವಾಣಿ 1915. ಹಣ ಪಡೆದು ಮಾಲನ್ನೇ ಕಳಿಸದೆ ಮಾಯವಾದರೆ ಸೈಬರ್ ವಂಚನೆ ಸಹಾಯವಾಣಿ 1930.

ಪ್ರಶ್ನೆ: ಪ್ರಾಡಾ ಗದ್ದಲದ ನಂತರ ‘ಅಸಲಿ ಕೊಲ್ಹಾಪುರಿ’ ಜಾಹೀರಾತುಗಳ ಸುರಿಮಳೆ. ನಂಬಬಹುದೇ?
– ಓದುಗರು, ಮೈಸೂರು

ಉತ್ತರ: 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿ ತೋರಿಸಿದ ಮಿಲಾನ್ ಪ್ರದರ್ಶನದ ಚಿತ್ರಗಳು ಹರಿದಾಡಿದ್ದೇ ಬೇಡಿಕೆ ಏರಿತು, ಅದರ ಬೆನ್ನಿಗೆ ರೆಕ್ಸಿನ್ ಮಾಲೂ ಬಂತು. ಕೊಲ್ಹಾಪುರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ, ಅಂದರೆ ಇಂಥ ಊರಿನದೇ ಮಾಲು ಎಂಬ ಗುರುತು) ಮಾನ್ಯತೆ ಸಿಕ್ಕಿದೆ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿವೆ. ಪಟ್ಟಿಯ ಕತ್ತರಿಸಿದ ಅಂಚಿನ ಫೋಟೊ ಕೇಳಿ: ಚರ್ಮವಾದರೆ ನಾರುನಾರು, ರೆಕ್ಸಿನ್ ಆದರೆ ಒಳಗೆ ಬಟ್ಟೆ. ಅಸಲಿಯಲ್ಲಿ ಮೊಳೆ ಇರುವುದಿಲ್ಲ, ಚರ್ಮದ ಎಳೆಯಿಂದಲೇ ಹೊಲಿದಿರುತ್ತಾರೆ. ಹೊಸದು ತುಸು ಬಿಗಿಯಾಗಿರಲಿ, ಹಾಕಿದಂತೆ ಸಡಿಲುತ್ತದೆ. ಮಳೆಯಲ್ಲಿ ಮಾತ್ರ ಹಾಕಬೇಡಿ.