ಕೊರಿಯಾದ ಸಮ್ನ್ಯೊನ್ ಬೆಟ್ಟದ ಕೋಟೆ ಒಮ್ಮೆಯೂ ಸೋತಿಲ್ಲವೇ?

ಕೊರಿಯಾದ ಹಳೆಯ ಸಿಲ್ಲಾ ರಾಜ್ಯದ ಈ ಕೋಟೆ ಯಾರ ಕೈಗೂ ಸಿಕ್ಕಿಲ್ಲ ಎನ್ನುತ್ತಾರಲ್ಲ, ನಿಜವೇ, ಹೇಗೆ ಎಂದು ಕೇಳಿದ್ದೀರಿ. ಪೂರ್ತಿ ನಿಜವಲ್ಲ. 822ರಲ್ಲಿ ಸಿಲ್ಲಾದ ಸರದಾರ ಕಿಮ್ ಹೊನ್‌ಚಾಂಗ್ ದಂಗೆಯೆದ್ದಾಗ ರಾಜನ ಸೈನ್ಯವೇ ಬಂದು ದಂಗೆಕೋರರಿಂದ ಇದನ್ನು ಕಿತ್ತುಕೊಂಡಿತು. ಆದರೆ ಗೊರ್ಯೊ ರಾಜ್ಯ ಕಟ್ಟಿದ ವಾಂಗ್ ಗೊನ್‌ನಂಥವನೇ 928ರಲ್ಲಿ ಮೇಲೆ ಬಿದ್ದರೂ ಗೆಲ್ಲಲಾಗಲಿಲ್ಲ.

ಗುಟ್ಟು ಇರುವುದು ಕಲ್ಲು ಜೋಡಿಸಿದ ರೀತಿಯಲ್ಲಿ. ಸಾಮಾನ್ಯವಾಗಿ ಹೊರಮೈಗೆ ಕಲ್ಲು ಕಟ್ಟಿ ಒಳಗೆ ಮಣ್ಣು ತುಂಬುತ್ತಾರೆ. ಮಳೆನೀರು ಕುಡಿದ ಮಣ್ಣು ಉಬ್ಬಿ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಇಲ್ಲಿ ಒಳಗೂ ಹೊರಗೂ ಕಲ್ಲೇ. ಚಪ್ಪಟೆ ಕಲ್ಲುಗಳನ್ನು ಸೌದೆ ಅಟ್ಟಿ ಹಾಕಿದ ಹಾಗೆ ಒಂದು ವರಸೆ ಉದ್ದಕ್ಕೆ, ಅದರ ಮೇಲೊಂದು ಅಡ್ಡಕ್ಕೆ ಇಟ್ಟಿದ್ದಾರೆ. ಸುತ್ತಳತೆ ಸುಮಾರು 1,680 ಮೀಟರ್, ದಪ್ಪ 8ರಿಂದ 10 ಮೀಟರ್. ಎತ್ತರದ ಈ ಗೋಡೆ ಬುಡದಲ್ಲಿ ಜಾರಬಾರದೆಂದು ಹೊರಗಡೆ ಇಳಿಜಾರಾಗಿ ಆಸರೆಗಲ್ಲನ್ನೂ ಕೊಟ್ಟಿದ್ದಾರೆ. 470ರಲ್ಲಿ ಕಟ್ಟಿದ್ದು, ಮೂರು ವರ್ಷ ಹಿಡಿದದ್ದಕ್ಕೇ ಈ ಹೆಸರು: ಸಮ್ನ್ಯೊನ್ ಎಂದರೆ ಮೂರು ವರ್ಷ. 486ರಲ್ಲಿ ಇದನ್ನೂ ಗುಲ್ಸನ್ ಕೋಟೆಯನ್ನೂ ಮತ್ತೆ ಕಟ್ಟಲು 3,000 ಆಳುಗಳನ್ನು ಕರೆಸಿದ್ದರು.

ಬಾಗಿಲುಗಳು ಇನ್ನೂ ಸೊಗಸು. ದಕ್ಷಿಣದ್ದು ಗೋಡೆಯ ನಡುಮಟ್ಟದಲ್ಲಿದೆ, ಏಣಿ ಇಲ್ಲದೆ ಹತ್ತುವಂತಿಲ್ಲ. ಪಶ್ಚಿಮದ ಕದ ಹೊರಕ್ಕೆ ತೆರೆಯುತ್ತಿತ್ತು, ಹೊರಗಿನಿಂದ ಗುದ್ದಿ ಒಳಕ್ಕೆ ತಳ್ಳುವುದು ಕಷ್ಟವಾಗಿತ್ತು. ಮುರಿದು ನುಗ್ಗಿದರೂ ಎದುರಿಗೇ ಅಮಿಜಿ ಕೊಳ. ಈ ಬಾಗಿಲ ಅಕ್ಕಪಕ್ಕ ಬಿಳಿಚಿಕೊಂಡು ಕಾಣುವ ಗೋಡೆ ಇತ್ತೀಚಿನ ಜೀರ್ಣೋದ್ಧಾರದ್ದು, ಅದನ್ನು ನೋಡಿ ಹಳೆಯ ಕೆಲಸವನ್ನು ಅಳೆಯಬೇಡಿ.

ಆದರೆ ನನ್ನ ದೃಷ್ಟಿಯಲ್ಲಿ ಈ ಕೋಟೆಯ ದೊಡ್ಡ ಗೆಲುವು ನಡೆದದ್ದು ಕೋಟೆಯಾಚೆ. ಇದಿರುವ ಬೊಉನ್ ಸೀಮೆ ಸಿಲ್ಲಾ, ಬೆಕ್ಜೆ, ಗೊಗುರ್ಯೊ ಮೂರೂ ರಾಜ್ಯಗಳು ಕಣ್ಣಿಟ್ಟಿದ್ದ ಗಡಿ. 551ರಲ್ಲಿ ಸಿಲ್ಲಾ, ಬೆಕ್ಜೆ ಜೊತೆಗೂಡಿ ಗೊಗುರ್ಯೊದಿಂದ ಹಾನ್ ನದಿಯ ಬಯಲು ಗೆದ್ದವು. ಎರಡೇ ವರ್ಷಕ್ಕೆ ಸಿಲ್ಲಾ ಮಾತಿಗೆ ತಪ್ಪಿ ಬೆಕ್ಜೆಯ ಪಾಲನ್ನೂ ನುಂಗಿತು. ಸಿಟ್ಟಿಗೆದ್ದ ಬೆಕ್ಜೆಯ ರಾಜ ಸೊಂಗ್ 554ರಲ್ಲಿ ಇಂದಿನ ಒಕ್ಚೊನ್ ಬಳಿಯ ಗ್ವಾನ್‌ಸನ್ ಕೋಟೆಯ ಮೇಲೆ ಯುದ್ಧ ಹೂಡಿದ. ರಾತ್ರಿ ಬರೇ 50 ಮಂದಿಯೊಡನೆ ಹೊರಟವನು ಹೊಂಚಿಗೆ ಸಿಕ್ಕಿಬಿದ್ದ. ಅವನನ್ನು ಕೊಂದವನು ಸಮ್ನ್ಯೊನ್ ಸೀಮೆಯ ಸ್ಥಳೀಯ ಮುಖಂಡ ದೊದೊ. ಆ ಯುದ್ಧದಲ್ಲಿ ಬೆಕ್ಜೆಯ 29,600 ಸೈನಿಕರು ಸತ್ತರೆಂದು ಬರೆದಿದೆ. ಗೆದ್ದವರ ಲೆಕ್ಕ, ತುಸು ತಗ್ಗಿಸಿಯೇ ಓದಿಕೊಳ್ಳಿ.