ಸರ್ವರ್‌ನಲ್ಲಿರೋ ಡಾಕರ್ ಕಂಟೇನರ್‌ಗಳನ್ನೆಲ್ಲ ಒಂದೇ ಕಮಾಂಡ್‌ನಲ್ಲಿ ಅಳಿಸೋದು ಹೇಗೆ? ಡಿಸ್ಕ್ ತುಂಬಿಹೋಗಿದೆ

ಡಾಕರ್ ಅಂದ್ರೆ ಪ್ರೋಗ್ರಾಮ್‌ಗಳನ್ನ ಕಂಟೇನರ್ ಅನ್ನೋ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸೋ ಸಾಫ್ಟ್‌ವೇರ್. ನಾನೂ ಡಿಸ್ಕ್ ತುಂಬಿದ ಹೊತ್ತಲ್ಲೇ ಆ ಒಂದೇ ಕಮಾಂಡ್ ಹುಡುಕಿದ್ದೆ. ಸಿಕ್ಕಿತು ಕೂಡ: ‘ಡಾಕರ್ ಸಿಸ್ಟಮ್ ಪ್ರೂನ್’ (ಬಳಕೆಯಲ್ಲಿಲ್ಲದ್ದನ್ನ ಅಳಿಸೋ ಕಮಾಂಡ್), ಜೊತೆಗೆ ಹೈಫನ್ ಎ, ಹೈಫನ್ ಎಫ್, ಕೊನೆಗೆ ವಾಲ್ಯೂಮ್ಸ್ ಅನ್ನೋ ಆಪ್ಷನ್. ಎಂಟರ್ ಒತ್ತಿದೆ. ಜಾಗ ಖಾಲಿಯಾಯಿತು. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ನಲ್ಲಿದ್ದ ಗ್ರಾಹಕರ ಆರ್ಡರ್‌ಗಳೂ ಹೋದವು.

ಇದನ್ನ ಸ್ವಲ್ಪ ಬಿಡಿಸಿಯೇ ಹೇಳ್ತೀನಿ, ಯಾಕಂದ್ರೆ ಬಹಳ ಜನರಿಗೆ ಇದು ಅರ್ಧ ಗೊತ್ತಿರುತ್ತೆ. ಡೇಟಾ ಇರೋದು ವಾಲ್ಯೂಮ್‌ನಲ್ಲಿ (ಕಂಟೇನರ್‌ನ ಹೊರಗೆ ಡಾಕರ್ ಡೇಟಾ ಇಡೋ ಜಾಗ), ಕಂಟೇನರ್ ಹೋದರೂ ಅದು ಉಳಿಯುತ್ತೆ ಅಂತ ನಂಬಿದ್ದೆ. ಅದು ಸುಳ್ಳಲ್ಲ. ಕಂಟೇನರ್ ಅಳಿಸೋ ‘ಡಾಕರ್ ಆರ್‌ಎಂ’ ಒಂದನ್ನೇ ಹೊಡೆದರೆ ವಾಲ್ಯೂಮ್‌ಗೆ ಏನೂ ಆಗಲ್ಲ. ಆದರೆ ಡಿಸ್ಕ್ ತುಂಬಿದ್ದರಿಂದ ಡೇಟಾಬೇಸ್ ಕಂಟೇನರ್ ಆಗಲೇ ಬಿದ್ದುಹೋಗಿತ್ತು, ಬಿದ್ದರೆ ತಾನಾಗಿ ಮತ್ತೆ ಶುರುವಾಗೋ ರೀಸ್ಟಾರ್ಟ್ ಪಾಲಿಸಿಯೂ ಹಾಕಿರಲಿಲ್ಲ. ಪ್ರೂನ್ ಲೆಕ್ಕದಲ್ಲಿ ನಿಂತ ಕಂಟೇನರ್ ಅಂದ್ರೆ ಕಸ, ಮೊದಲು ಅದನ್ನ ತೆಗೆಯಿತು. ಅದು ಹೋದ ಕೂಡಲೇ ಅದರ ವಾಲ್ಯೂಮ್ ಯಾರೂ ಬಳಸದ ವಾಲ್ಯೂಮ್ ಆಯಿತು. ಅದೇ ಕಮಾಂಡ್‌ನ ಮುಂದಿನ ಹಂತದಲ್ಲಿ ಅದೂ ಹೋಯಿತು. ಹೈಫನ್ ಎಫ್ ಕೊಟ್ಟಿದ್ದರಿಂದ ಒಂದು ಮಾತು ಕೇಳಲೂ ಇಲ್ಲ. ನಾನು ಕಮಾಂಡ್ ಓಡಿಸೋ ಮುಂಚೆ ‘ಡಾಕರ್ ಪಿಎಸ್ ಹೈಫನ್ ಎ’ (ನಿಂತವೂ ಸೇರಿ ಎಲ್ಲ ಕಂಟೇನರ್‌ಗಳ ಪಟ್ಟಿ) ನೋಡಿದ್ದರೆ ಡೇಟಾಬೇಸ್ ಹೆಸರಿನ ಎದುರು ‘ಎಕ್ಸಿಟೆಡ್’, ಅಂದ್ರೆ ನಿಂತಿದೆ ಅಂತ ಕಾಣ್ತಿತ್ತು.

ಡಾಕರ್ 23ನೇ ವರ್ಷನ್‌ನಿಂದ ಈಚೆಗೆ ಆ ವಾಲ್ಯೂಮ್ಸ್ ಆಪ್ಷನ್ ಹೆಸರಿಲ್ಲದ ವಾಲ್ಯೂಮ್‌ಗಳನ್ನ ಮಾತ್ರ ಅಳಿಸುತ್ತೆ. ನಮ್ಮದು ಹಳೇ ವರ್ಷನ್. ನಿಮ್ಮದು ಹೊಸದಾದರೂ ಧೈರ್ಯ ಮಾಡಬೇಡಿ: ವಾಲ್ಯೂಮ್ ಕೊಡದೇ ಪೋಸ್ಟ್‌ಗ್ರೆಸ್ ಓಡಿಸಿದ್ದರೆ ಡೇಟಾ ಹೆಸರಿಲ್ಲದ ವಾಲ್ಯೂಮ್‌ನಲ್ಲೇ ಕೂತಿರುತ್ತೆ.

ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು. ಆ ದಿನದ ಆರ್ಡರ್‌ಗಳನ್ನ ಮಾತ್ರ ಪೇಮೆಂಟ್ ಮೆಸೇಜ್ ನೋಡಿ, ಗ್ರಾಹಕರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಮತ್ತೆ ಸೇರಿಸಿದೆವು.

ಇನ್ನು ನಿಮ್ಮ ಪ್ರಶ್ನೆ. ಕಂಟೇನರ್ ಅಳಿಸಿದರೆ ಡಿಸ್ಕ್ ಸರಿಹೋಗುತ್ತೆ ಅನ್ನೋದನ್ನೇ ನಾನು ಒಪ್ಪಲ್ಲ. ನಿಂತ ಕಂಟೇನರ್‌ಗಳು ಸಾಮಾನ್ಯವಾಗಿ ಅಷ್ಟೊಂದು ಜಾಗ ತಿನ್ನಲ್ಲ. ಯಾವುದು ಎಷ್ಟು ಜಾಗ ತಿಂದಿದೆ ಅಂತ ‘ಡಾಕರ್ ಸಿಸ್ಟಮ್ ಡಿಎಫ್’ ಹೊಡೆದು ನೋಡಿ, ಹೆಚ್ಚಾಗಿ ಹಳೇ ಇಮೇಜ್‌ಗಳು (ಕಂಟೇನರ್ ಮಾಡೋ ಅಚ್ಚುಗಳು), ಬಿಲ್ಡ್ ಕ್ಯಾಶ್ (ಇಮೇಜ್ ಕಟ್ಟುವಾಗ ಉಳಿದ ಫೈಲ್‌ಗಳು) ಸಿಕ್ಕಿಬೀಳ್ತವೆ. ಅಲ್ಲೂ ಲೆಕ್ಕ ಸಿಗದಿದ್ದರೆ ಲಾಗ್ (ಪ್ರೋಗ್ರಾಮ್ ಬರೀತಾ ಹೋಗೋ ದಾಖಲೆ) ನೋಡಿ, ಅದು ಆ ಡಿಎಫ್ ಲೆಕ್ಕಕ್ಕೆ ಬರಲ್ಲ. ‘ವಾರ್’ ಒಳಗೆ ‘ಲಿಬ್’, ಅದರೊಳಗೆ ‘ಡಾಕರ್’, ಅದರಲ್ಲಿ ‘ಕಂಟೇನರ್ಸ್’ ಫೋಲ್ಡರ್. ಒಂದೊಂದು ಕಂಟೇನರ್‌ಗೂ ಒಂದು ಜೇಸನ್ ಲಾಗ್ ಫೈಲ್ ಇರುತ್ತೆ, ಮಿತಿ ಹಾಕದಿದ್ದರೆ ಬೆಳೀತಾನೇ ಹೋಗುತ್ತೆ. ನಮ್ಮ ಡಿಸ್ಕ್ ತಿಂದಿದ್ದು ಅದೇ, ಅದೂ ಓಡ್ತಾ ಇದ್ದ ಕಂಟೇನರ್‌ದು. ಪ್ರೂನ್ ಅದನ್ನ ಮುಟ್ಟಲೇ ಇಲ್ಲ, ಡಿಸ್ಕ್ ಮತ್ತೆ ತುಂಬತೊಡಗಿತು. ಡಾಕರ್‌ನ ಸೆಟ್ಟಿಂಗ್ಸ್ ಇರೋ ಡೀಮನ್ ಜೇಸನ್ ಫೈಲ್‌ನಲ್ಲಿ ಲಾಗ್‌ಗೆ ‘ಮ್ಯಾಕ್ಸ್ ಸೈಜ್’, ‘ಮ್ಯಾಕ್ಸ್ ಫೈಲ್’ ಮಿತಿ ಹಾಕಿ ಡಾಕರ್ ರೀಸ್ಟಾರ್ಟ್ ಮಾಡಿ. ಆ ಮಿತಿ ಹೊಸದಾಗಿ ಮಾಡಿದ ಕಂಟೇನರ್‌ಗಳಿಗಷ್ಟೇ ಅನ್ವಯ, ಹಳೇವನ್ನ ತೆಗೆದು ಮತ್ತೆ ಮಾಡಬೇಕು.

ಹಾಗೆ ತೆಗೆಯುವಾಗ ಹೆಸರು ಹಿಡಿದು ಒಂದೊಂದೇ ತೆಗೀರಿ. ಮೊದಲು ‘ಡಾಕರ್ ಇನ್‌ಸ್ಪೆಕ್ಟ್’ ಹೊಡೆದು ಮೌಂಟ್ಸ್ ಭಾಗ ಓದಿ, ಯಾವ ವಾಲ್ಯೂಮ್ ಬಳಸ್ತಿದೆ ಅಂತ ಅಲ್ಲಿ ಗೊತ್ತಾಗುತ್ತೆ. ಆಮೇಲೆ ‘ಡಾಕರ್ ಸ್ಟಾಪ್’. ಒಳಗಿನ ಪ್ರೋಗ್ರಾಮ್‌ಗೆ ಕೆಲಸ ಮುಗಿಸಿಕೊಳ್ಳೋಕೆ ಸಾಮಾನ್ಯವಾಗಿ 10 ಸೆಕೆಂಡ್ ಕೊಡುತ್ತೆ. ಕೊನೆಗೆ ‘ಡಾಕರ್ ಆರ್‌ಎಂ’. ಆರ್‌ಎಂಗೆ ಹೈಫನ್ ಎಫ್ ಹಾಕಿದರೆ ಆ ಸಮಯವೂ ಇಲ್ಲ, ನೇರ ಕೊಲ್ಲುತ್ತೆ. ಡೇಟಾಬೇಸ್‌ಗಂತೂ ಅದನ್ನ ಹಾಕಲೇಬೇಡಿ.